ಅಂಡಮಾನಿನಲ್ಲಿ ಕುಳಿತು ಹೊಸದುರ್ಗದ ನಲ್ಲಿ ಕಾದದ್ದು

ವಿಶ್ರಾಂತಿ ತೆಗೆದುಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು, ಅದು ನನಗಿಲ್ಲ. ಇದನ್ನು ವಿನಯಕ್ಕಾಗಿ ಹೇಳುತ್ತಿಲ್ಲ. ಕೆಲವರು ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುತ್ತಾರೆ. ಕೆಲವರು ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಪ್ಲಾಸ್ಟಿಕ್ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಾರೆ. ನನ್ನನ್ನು ಸಮುದ್ರದ ದಂಡೆಯಲ್ಲಿ ಎರಡು ಮರಗಳ ನಡುವಿನ ಜೋಕಾಲಿಯಲ್ಲಿ ಮಲಗಿಸಿ, ಕೈಗೆ ಎಳನೀರು ಕೊಟ್ಟರೂ ಐದು ನಿಮಿಷದೊಳಗೆ ಏನೋ ಒಂದು ನೆನಪಾಗುತ್ತದೆ. ಬರೀ ನೆನಪಾದರೆ ಚಿಂತೆಯಿರಲಿಲ್ಲ. ಅದು ನಿಜವಾಗಿ ನಡೆದದ್ದೋ, ನಾನು ಕಲ್ಪಿಸಿಕೊಂಡದ್ದೋ ಎಂಬ ಅನುಮಾನವೂ ಅದರ ಬೆನ್ನಿಗೇ ಬರುತ್ತದೆ.

ಇದಕ್ಕೆ ನಾನು ಓದಿದ ವಿಶ್ವವಿದ್ಯಾಲಯವೇ ಕಾರಣವೆಂದು ನನ್ನ ಆರೋಪ. ಇತಿಹಾಸದಲ್ಲಿ ಎಂ.ಎ. ಮಾಡುವಾಗ, ಕಣ್ಣಾರೆ ಕಂಡೆ ಎಂದು ಹೇಳುವವನನ್ನೇ ಮೊದಲು ಅನುಮಾನಿಸಬೇಕೆಂದು ಕಲಿಸಿದರು. ಹೊಳಲ್ಕೆರೆಯ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ನಾನೂ ಅದನ್ನೇ ಕಲಿಸುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳು ಆ ಪಾಠವನ್ನು ಪರೀಕ್ಷೆ ಮುಗಿದ ಸಂಜೆಯೇ ಮರೆತು ಸುಖವಾಗಿದ್ದಾರೆ. ನನಗೆ ಮಾತ್ರ ಅದು ಕಾಯಿಲೆಯ ಹಾಗೆ ಅಂಟಿಕೊಂಡಿದೆ. ಒಮ್ಮೆ ರಾಮಗಿರಿಯ ಗುಡ್ಡ ಇಳಿಯುವಾಗ ಕಾಲು ಉಳುಕಿಸಿಕೊಂಡ ಗೆಳೆಯನನ್ನು ರೈಲ್ವೆ ಸ್ಟೇಷನ್‌ವರೆಗೂ ಹೊತ್ತು ತಂದೆನೆಂದು ಎಷ್ಟೋ ವರ್ಷ ಎಲ್ಲರಿಗೂ ಹೇಳುತ್ತಿದ್ದೆ. ಕೊನೆಗೊಂದು ದಿನ ಆ ಗೆಳೆಯನೇ ಸಿಕ್ಕಿ, "ಲೇ, ಕಾಲು ಉಳುಕಿದ್ದು ನಿಂದು. ಹೊತ್ತಿದ್ದು ನಾನು. ಈಗ್ಲೂ ಚಳಿಗಾಲದಾಗೆ ಸೊಂಟ ಹಿಡ್ಕಂತೈತೆ" ಎಂದ. ಅವನ ಸೊಂಟನೋವಿನ ಮುಂದೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ.

ಇಂಥವನನ್ನು ಕಟ್ಟಿಕೊಂಡು ಅಂಡಮಾನಿಗೆ ಹೊರಟಳು ನನ್ನ ಹೆಂಡತಿ ಸುಮಂಗಳಾ. ಅವಳು ಪ್ರಾಥಮಿಕ ಶಾಲೆಯ ಟೀಚರು. ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗವೇ ದ್ವೀಪ ಎಂದು ವರ್ಷವರ್ಷವೂ ಮಕ್ಕಳ ಬಾಯಲ್ಲಿ ಹೇಳಿಸಿದ್ದಾಳೆ, ಒಂದನ್ನೂ ನೋಡಿಲ್ಲ. ನಮ್ಮ ಕಡೆ ಕೆರೆಗಳೇ ಎಷ್ಟೋ ಸಲ ನಾಲ್ಕೂ ಕಡೆ ನೆಲ, ನಡುವೆಯೂ ನೆಲ. ದೊಡ್ಡ ದ್ವೀಪ ಅವಳಿಗೆ ಬೇಡ. "ದೊಡ್ಡದ್ರಾಗೆ ನಿಂತ್ರೆ ಹೊಸದುರ್ಗದಾಗೆ ನಿಂತಂಗೇ ಇರ್ತತೆ. ಸಣ್ಣದು ಬೇಕು. ನಿಂತಲ್ಲೇ ಒಂದು ಸುತ್ತು ತಿರುಗಿದ್ರೆ ನಾಲ್ಕೂ ಕಡೆ ನೀರು ಕಾಣ್ಬೇಕು. ನೀವು ಪಕ್ಕದಾಗಿರ್ಬೇಕು, ಮನೆ ಮಾತು ಎತ್ತಬಾರ್ದು. ಅಷ್ಟೇ ಕಣ್ರಿ ನಾನು ಕೇಳೋದು" ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ ಎಂದು ನನ್ನ ನೆನಪು. ನನ್ನ ನೆನಪಿನ ಯೋಗ್ಯತೆಯನ್ನು ಮೇಲೆ ಹೇಳಿದ್ದೇನೆ. ಆದರೂ ಇದು ನಿಜವಿರಬೇಕು.

ಇನ್ನು ನಮ್ಮ ನಲ್ಲಿಯ ವಿಷಯ ಹೇಳಬೇಕು. ನಾವಿರುವ ಹೊಸದುರ್ಗದ ಬೀದಿಗೆ ನೀರು ಬರುವುದು ವಾರಕ್ಕೊಮ್ಮೆ. ಯಾವ ದಿನ, ಯಾವ ಹೊತ್ತು ಎಂಬುದು ನೀರಿಗೇ ಬಿಟ್ಟದ್ದು. ಹಾಗಾಗಿ ಅಡುಗೆಮನೆಯ ನಲ್ಲಿಯನ್ನು ಸದಾ ತೆರೆದೇ ಇಟ್ಟು, ಅದರ ಕೆಳಗೆ ಒಂದು ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿರುತ್ತೇವೆ. ಮೊದಲು ಗಾಳಿ ಸೊಂಯ್ ಎನ್ನುತ್ತದೆ, ಆಮೇಲೆ ತಟ್ಟೆಯ ಮೇಲೆ ಟಣಟಣ. ಆ ಸದ್ದಿಗೆ ಊಟಕ್ಕೆ ಕುಳಿತವರು, ಪೂಜೆಗೆ ಕುಳಿತವರು, ಬಂದ ನೆಂಟರು, ಎಲ್ಲರೂ ಎದ್ದು ಕೊಡಗಳ ಕಡೆಗೆ ಓಡಬೇಕು. ಬೇರೆ ಊರಿನವರು ಮನೆ ಬಿಡುವಾಗ ನಲ್ಲಿ ಮುಚ್ಚಿದೆಯೇ ಎಂದು ನೋಡುತ್ತಾರಂತೆ. ಮುಚ್ಚಿದ ನಲ್ಲಿ ಕಂಡರೆ ನಮ್ಮ ಕೈ ತಾನಾಗಿ ಹೋಗಿ ತೆರೆದು ಬರುತ್ತದೆ. ಕೊಡ ಇಡಲು ಅನುಕೂಲವಾಗಲೆಂದು ನಲ್ಲಿಯನ್ನು ನೆಲದಿಂದ ಮೊಳದೆತ್ತರದಲ್ಲಿ ಹಾಕಿಸಿದ್ದೇವೆ; ಹರಿದ ನೀರು ನೇರವಾಗಿ ಪಕ್ಕದ ಕೋಣೆಗೆ ಹೋಗುತ್ತದೆ. ಅಲ್ಲಿ ಕಪಾಟಿನ ಕೆಳಗಿನ ಅರೆಯಲ್ಲಿ ನನ್ನ ಪಿಎಚ್.ಡಿ. ಟಿಪ್ಪಣಿಗಳಿವೆ. ವಿಷಯ, ಚಿತ್ರದುರ್ಗದ ಕೋಟೆಯೊಳಗೆ ನೀರನ್ನು ಹೇಗೆ ಹಿಡಿದಿಡುತ್ತಿದ್ದರು ಎಂಬುದು. ಪ್ರಬಂಧವನ್ನು ನಾನು ಇನ್ನೂ ಬರೆದಿಲ್ಲ.

ಮೊದಲ ಅನುಮಾನ ಬಂದದ್ದು ಹಿರಿಯೂರಿನ ಬಸ್ ನಿಲ್ದಾಣದಲ್ಲಿ. "ಸುಮಾ, ನಾನು ನಲ್ಲಿ ಮುಚ್ಚಿದ್ನಾ?" ಎಂದೆ.

"ಮುಚ್ಚಿದ್ರಿ ಕಣ್ರಿ. ನಾನೇ ನೋಡಿದೀನಿ."

"ಇವತ್ತು ನೋಡಿದ್ದಾ? ನಿನ್ನೆ ನೀರು ಹಿಡಿದ ಮೇಲೆ ಮುಚ್ಚಿದ್ದು ನೋಡಿದ್ದಾ?"

"ಇವತ್ತೇ ಅನ್ಸುತ್ತೆ" ಎಂದಳು. ಆ "ಅನ್ಸುತ್ತೆ" ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಬಸ್ಸು ಹೊರಟಿತು. ವಿಮಾನವೂ ಹಾರಿತು. ಕೆಳಗೆ ಕಣ್ಣು ಹಾಯುವಷ್ಟು ದೂರವೂ ನೀಲಿ ನೀರು. ಸುಮಂಗಳಾ ಕಿಟಕಿಗೆ ಹಣೆ ಒತ್ತಿಕೊಂಡು ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿ ನಮ್ಮ ಅಡುಗೆಮನೆಯನ್ನು ನೋಡುತ್ತಿದ್ದೆ. ನನ್ನ ಕೈ ನಲ್ಲಿ ತಿರುಗಿಸುವುದು ಸ್ಪಷ್ಟವಾಗಿ ಕಾಣಿಸಿತು. ಆದರೆ ಸಾವಿರ ಸಲ ಅದೇ ಕೈ ಅದೇ ನಲ್ಲಿಯನ್ನು ತಿರುಗಿಸಿದೆ. ಇದು ಯಾವ ದಿನದ ಕೈ? ಮುಚ್ಚುತ್ತಿದೆಯೋ, ತೆರೆಯುತ್ತಿದೆಯೋ?

ಬೀಗದ ಕೈ ಎರಡನ್ನೂ ನಾನೇ ತಂದಿದ್ದೆ. ಒಂದನ್ನು ಪಕ್ಕದ ಮನೆಯ ರುದ್ರಣ್ಣನಿಗೆ ಕೊಡೋಣವೆಂದು ಸುಮಂಗಳಾ ಹೇಳಿದಾಗ, ಅವನು ಕಳೆದರೆ ಏನು ಗತಿ ಎಂದು ವಾದಿಸಿದವನೂ ನಾನೇ. ರುದ್ರಣ್ಣ ಕೊಬ್ಬರಿ ವ್ಯಾಪಾರಿ, ಒಳ್ಳೆಯ ಮನುಷ್ಯ. ಇವತ್ತಿನವರೆಗೆ ಏನನ್ನೂ ಕಳೆದವನಲ್ಲ.

ನಾವು ಇಳಿದುಕೊಂಡಿದ್ದ ಜಾಗದಲ್ಲಿ ನನ್ನ ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ದೋಣಿಗಳು ಹೊರಡುವ ಕಟ್ಟೆಯ ಮೇಲೆ ಮಾತ್ರ. ಎರಡು ದಿನ ದಂಡೆಯಲ್ಲಿ ಚಡಪಡಿಸಿದೆ. ಸುಮಂಗಳಾ ಕಪ್ಪೆಚಿಪ್ಪು ಆರಿಸಿದಳು, ಕಾಲು ನೆನೆಸಿಕೊಂಡಳು, ನನ್ನ ಮುಖ ನೋಡಿ ನೋಡಿ ನಗುವುದನ್ನು ಕಡಿಮೆ ಮಾಡಿದಳು. ಮೂರನೆಯ ದಿನ ಬೆಳಿಗ್ಗೆ ಸಣ್ಣ ದ್ವೀಪಕ್ಕೆ ದೋಣಿ. ಅವಳು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ಹತ್ತಿ ಕುಳಿತಳು. ನಾನೂ ಜಾಕೆಟ್ ಹಾಕಿಕೊಂಡೆ. ಆಗ ಫೋನಿನಲ್ಲಿ ಎರಡು ಗೀಟು ಸಿಗ್ನಲ್ ಕಂಡಿತು. ತಡೆಯಲಾರದೆ ರುದ್ರಣ್ಣನಿಗೆ ಫೋನ್ ಮಾಡಿದೆ.

"ಏನ್ ಮೇಷ್ಟ್ರೇ, ಸಮುದ್ರ ಹೆಂಗೈತೆ?"

"ಸಮುದ್ರ ಇರಲಿ ರುದ್ರಣ್ಣ. ನಮ್ಮ ಅಡುಗೆಮನೆ ಕಿಟಕಿಗೆ ಸ್ವಲ್ಪ ಕಿವಿ ಕೊಟ್ಟು ನೋಡಪ್ಪ, ನೀರಿನ ಸದ್ದು ಏನಾದ್ರೂ ಇದೆಯಾ?"

ಅವನು ಹೋದ. ಚಪ್ಪಲಿಯ ಸದ್ದು ಕೇಳಿಸಿತು. "ಸೊಂಯ್ ಅಂತೈತೆ ಮೇಷ್ಟ್ರೇ."

ನನ್ನ ಜೀವ ಹೋಯಿತು. "ನೀರೇನೋ?"

"ತಡೀರಿ... ಇಲ್ಲ, ಇದು ನಮ್ಮನೆ ಕುಕ್ಕರ್ರು. ಈ ಕಿಟಕಿಗೆ ಪರದೆ ಐತೆ, ಏನೂ ಕಾಣಲ್ಲ. ಹಿತ್ಲು ಕಡೆಯಿಂದ ಏಣಿ ಹಾಕಿ ನೋಡ್ತೀನಿ. ಹತ್ತು ನಿಮಿಷ ಬಿಟ್ಟು ಮಾಡ್ರಿ."

ದೋಣಿಯವನು ಎಂಜಿನ್ ಚಾಲೂ ಮಾಡಿದ್ದ. "ಹತ್ತೇ ನಿಮಿಷ" ಎಂದು ನಾನು ಬೆರಳು ತೋರಿಸಿದೆ. ಅವನು ಸಮುದ್ರದ ಕಡೆ ಕೈ ತೋರಿಸಿದ. ನೀರಿಳಿದರೆ ದೋಣಿ ದ್ವೀಪದ ದಂಡೆಗೆ ಹೋಗುವುದಿಲ್ಲವಂತೆ. ಸುಮಂಗಳಾ ತನ್ನ ಪಕ್ಕದ ಜಾಗದಲ್ಲಿ ಇಟ್ಟಿದ್ದ ಚೀಲವನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕಾದಳು. "ಬರ್ತೀರೋ ಇಲ್ವೋ?" ಎಂದಳು.

"ಅವನು ಏಣಿ ಹತ್ತಿದಾನೆ ಕಣೇ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಹೋಗಿಬಿಡುತ್ತಿದ್ದೆನೇನೋ. "ಸರಿ, ನೀವು ನಲ್ಲಿ ಕಾಯ್ರಿ. ನಾನು ನೋಡ್ಕಂಡು ಬರ್ತೀನಿ" ಎಂದು ಚೀಲವನ್ನು ಮತ್ತೆ ಪಕ್ಕದಲ್ಲಿಟ್ಟಳು. ದೋಣಿ ಹೊರಟಿತು.

ಹತ್ತು ನಿಮಿಷ ಬಿಟ್ಟು ಫೋನ್ ಮಾಡಿದರೆ ರುದ್ರಣ್ಣ ಎತ್ತಲಿಲ್ಲ. ಯಾರೋ ಕೊಬ್ಬರಿ ತಂದಿದ್ದರಂತೆ, ಏಣಿ ಇಳಿದು ಹೋಗಿದ್ದನಂತೆ. ಅದು ಗೊತ್ತಾದದ್ದು ಮಧ್ಯಾಹ್ನ; ಏಣಿಯ ಮೇಲಿಂದಲೂ ಅಷ್ಟು ಕೆಳಗಿನ ನಲ್ಲಿ ಕಾಣಿಸಲಿಲ್ಲವಂತೆ. ಅಲ್ಲಿಯವರೆಗೆ ನಾಲ್ಕು ತಾಸು, ಬಿರುಬಿಸಿಲಿನಲ್ಲಿ, ನೆಲದ ಮೇಲೆ ಕುಳಿತು ಲೈಫ್ ಜಾಕೆಟ್ ಹಾಕಿಕೊಂಡೇ ಇದ್ದೆ. ಬಿಚ್ಚಬೇಕೆಂದು ಹೊಳೆದಿರಲಿಲ್ಲ. ಹೋಗಿ ಬರುವವರೆಲ್ಲ, ಇವನು ಮುಳುಗುವುದು ಯಾವಾಗ ಎಂಬಂತೆ ನೋಡುತ್ತಿದ್ದರು.

ದೋಣಿ ಮರಳಿತು. ಸುಮಂಗಳಾಳ ಮುಖ ಬಿಸಿಲಿಗೆ ಕೆಂಪಾಗಿತ್ತು, ಹೊಳೆಯುತ್ತಿತ್ತು. ನಲ್ಲಿಯ ವಿಷಯ ಅವಳು ಕೇಳಲಿಲ್ಲ. "ನಾಲ್ಕೂ ಕಡೆ ನೀರು ಕಣ್ರಿ. ನಮ್ಮ ಶಾಲೆ ಮೈದಾನದಷ್ಟೂ ಇಲ್ಲ ದ್ವೀಪ. ತಿರುಗಿ ತಿರುಗಿ ನೋಡಿ ತಲೆ ಸುತ್ತು ಬಂತು, ಮರಳಾಗೇ ಕುಂತ್ಬಿಟ್ಟೆ. ಮರಳು ಎಷ್ಟು ಬೆಚ್ಚಗಿತ್ತು ಗೊತ್ತಾ?" ಎಂದಳು. ಆಮೇಲೆ ನನ್ನ ಜಾಕೆಟ್ ನೋಡಿ, ಅದರ ಪಟ್ಟಿಯನ್ನು ತಾನೇ ಬಿಚ್ಚಿದಳು. ಉಳಿದ ದಿನಗಳಲ್ಲಿ ಆ ಕಡೆಗೆ ದೋಣಿ ಬಿಡಲಿಲ್ಲ, ಸಮುದ್ರ ಒರಟಾಗಿತ್ತು.

ಎಂಟನೆಯ ದಿನ ಮನೆಗೆ ಬಂದು ಬೀಗ ತೆಗೆದವನೇ ಅಡುಗೆಮನೆಗೆ ಓಡಿದೆ. ನೆಲ ಒಣಗಿತ್ತು. ತಟ್ಟೆಯ ಮೇಲೆ ಧೂಳು ಕುಳಿತಿತ್ತು. ನಲ್ಲಿ ಪೂರ್ತಿ ತೆರೆದೇ ಇತ್ತು. ಆ ವಾರ ನಮ್ಮ ಬೀದಿಗೆ ನೀರೇ ಬಂದಿರಲಿಲ್ಲ. "ನೋಡು, ತೆರೆದೇ ಇದೆ! ನಾನು ಹೇಳಿರ್ಲಿಲ್ವಾ?" ಎಂದು ಗೆದ್ದವನಂತೆ ಕೂಗಿದೆ. ಸುಮಂಗಳಾ ಹೊರಗಿನ ಕೋಣೆಯಲ್ಲಿ ಕಪ್ಪೆಚಿಪ್ಪುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸುತ್ತಿದ್ದಳು. ಅಷ್ಟು ನಿಷ್ಪ್ರಯೋಜಕವಾದ ಗೆಲುವನ್ನು ನಾನು ಇತಿಹಾಸದಲ್ಲೂ ಓದಿಲ್ಲ.

ಆಮೇಲೆ ಮನೆಗೆ ಬಂದವರಿಗೆಲ್ಲ ಅವಳು ದ್ವೀಪದ ಕಥೆ ಹೇಳತೊಡಗಿದಳು. ಹೇಳುವಾಗ "ನಾವು ಹೋಗಿದ್ವಿ", "ನಾವು ನೋಡಿದ್ವಿ" ಎನ್ನುತ್ತಿದ್ದಳು. ಮೊದಮೊದಲು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ, ತಿದ್ದಲು. ಅವಳು ಅವಕಾಶ ಕೊಡಲಿಲ್ಲ. ಅದು ನನ್ನ ಮೇಲಿನ ಕರುಣೆಯೋ, ಒಬ್ಬಳೇ ಹೋಗಿದ್ದೆ ಎಂದು ಹೇಳಲು ಅವಳಿಗೆ ಬಾಯಿ ಬಾರದೋ, ಕೇಳುವ ಧೈರ್ಯ ನನಗಿಲ್ಲ.

ಮೊನ್ನೆ ಭಾನುವಾರ ರುದ್ರಣ್ಣ ಕಾಫಿಗೆ ಬಂದಿದ್ದ. ಸುಮಂಗಳಾ ಮತ್ತೆ ಶುರುಮಾಡಿದಳು. ಅವನು ಲೋಟ ಕೆಳಗಿಟ್ಟು, "ಅಲ್ರಕ್ಕಾ, ಅವತ್ತು ಮೇಷ್ಟ್ರು ದಡದಾಗೇ ಇದ್ರಲ್ವಾ? ನನ್ನನ್ನ ಏಣಿ ಹತ್ತಿಸಿದ್ರು" ಎಂದ. ಅವನು ಕಣ್ಣಾರೆ ಅಲ್ಲದಿದ್ದರೂ ಕಿವಿಯಾರೆ ಸಾಕ್ಷಿ.

"ನಿಮಗೆ ನೆನಪಿಲ್ಲ ಬಿಡ್ರಿ ರುದ್ರಣ್ಣ. ಅದು ಬೇರೆ ದಿನ" ಎಂದಳು ಸುಮಂಗಳಾ, ನನ್ನ ಕಡೆ ನೋಡದೆ. "ದ್ವೀಪದಾಗೆ ಇವರಿಗೆ ತಲೆ ಸುತ್ತು ಬಂದು ಮರಳಾಗೇ ಕುಂತ್ಬಿಟ್ಟಿದ್ರು."

"ಹೌದಾ? ಇರಬೌದು, ಇರಬೌದು" ಎಂದ ರುದ್ರಣ್ಣ, ತನ್ನ ಮೇಲೆ ತನಗೇ ಅನುಮಾನ ಬಂದವನ ಹಾಗೆ.

ಇಬ್ಬರೂ ನನ್ನ ಮುಖ ನೋಡಿದರು. "ಮರಳು ಬೆಚ್ಚಗಿತ್ತು" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಬಿಸಿ ನನ್ನ ಅಂಗೈಗೆ ಈಗಲೂ ತಾಗುತ್ತಿದೆ.