ಚಿಕ್ಕಮ್ಮನ ನೊಣಗಳೂ ಅತ್ತೆಯ ಪಂಚಾಮೃತವೂ

ಇಡೀ ಥಾಣೆ ಜಿಲ್ಲೆಯಲ್ಲಿ ಅತಿ ದೊಡ್ಡ ಸಂಸಾರ ಯಾರದ್ದು ಗೊತ್ತೇ? ನಮ್ಮ ಚಿಕ್ಕಮ್ಮನದು! ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು, ಎಲ್ಲರ ವಾಸವೂ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ, ಹತ್ತಿಯ ಬಿರಡೆ ಹಾಕಿದ ಗಾಜಿನ ಬಾಟಲಿಗಳಲ್ಲಿ. ಹಣ್ಣಿನ ನೊಣಗಳು ಸ್ವಾಮಿ! ಊರವರೆಲ್ಲ ನೊಣ ಓಡಿಸುತ್ತಾರೆ, ನಾನು ಮಾತ್ರ ಅವಕ್ಕೆ ಬಾಳೆಹಣ್ಣು ತಂದು ಹಾಕಬೇಕು!

ಚಿಕ್ಕಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಚಿಕ್ಕಪ್ಪ ತೀರಿಕೊಂಡ ಮೇಲೆ ಡೊಂಬಿವಲಿಯಲ್ಲಿ ಒಬ್ಬರೇ ಇದ್ದರು. ಆ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋದಾಗ ಮಾಜಿವಾಡಾದ ನಮ್ಮ ಫ್ಲ್ಯಾಟಿಗೆ ಕರೆತಂದೆ. ಒಡವೆಯ ಚೀಲ ಡಿಕ್ಕಿಯಲ್ಲಿ, ನೊಣಗಳು ತೊಡೆಯ ಮೇಲೆ! ಟ್ಯಾಕ್ಸಿಯವನು ಕನ್ನಡಿಯಲ್ಲಿ ಇಣುಕಿ, ಉಪ್ಪಿನಕಾಯಿ ಇರಬೇಕೆಂದುಕೊಂಡು, "ಮೌಶಿ, ಅಚಾರ್ ಹೈ ಕ್ಯಾ?" ಎಂದ.

"ಮಕ್ಖಿಯಾಂ ಹೈಂ. ಖಡ್ಡಾ ದೇಖ್ ಕೇ ಚಲಾವೊ." ನೊಣಗಳಿವೆ, ಗುಂಡಿ ನೋಡಿ ಓಡಿಸು ಎಂದು ಚಿಕ್ಕಮ್ಮನ ಅಪ್ಪಣೆ.

ಅವನು ಮತ್ತೆ ಕನ್ನಡಿ ನೋಡಲಿಲ್ಲ.

ಇವರು ಮಾಡುವುದಾದರೂ ಏನು? ಕೆಲವು ಬಾಟಲಿಗೆ ಬಾಳೆಹಣ್ಣು, ರವೆ, ಬೆಲ್ಲದ ಊಟ. ಉಳಿದವಕ್ಕೆ ಅದೇ ಊಟದ ಜೊತೆ ಗಾಯ ತೊಳೆಯುವ ಪೆರಾಕ್ಸೈಡು! ಅದು ಒಳಗೆ ಹೋಗಿ, ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಜೀವಕೋಶಗಳನ್ನು ಕೆಡಿಸುತ್ತದಂತೆ. ಬಹಳಷ್ಟು ಸಾಯುತ್ತವೆ. ಉಳಿದವು ಮೊಟ್ಟೆಯಿಡುತ್ತವೆ, ಆ ಮಕ್ಕಳಿಗೂ ಅದೇ ವಿಷ. ಹೀಗೆ ತಲೆಮಾರುಗಳು ದಾಟಿದರೆ ವಿಷಕ್ಕೆ ಜಗ್ಗದ ವಂಶವೊಂದು ತಯಾರು.

"ಅಂದ್ರೆ ವಿಷ ತಿಂದೂ ತಿಂದೂ ಗಟ್ಟಿಯಾಗ್ತವೆ ಅನ್ನಿ," ಎಂದೆ.

ಚಿಕ್ಕಮ್ಮ ಸಿಡಿದರು. "ಯಾವ ನೊಣವೂ ಗಟ್ಟಿಯಾಗಲ್ಲ ಕಣೇ! ತಡ್ಕೊಳ್ಳೋ ಗುಣ ಹುಟ್ಟಿನಿಂದ್ಲೇ ಇದ್ದವು ಉಳೀತವೆ, ಇಲ್ದಿದ್ದವು ಸಾಯ್ತವೆ. ಉಳಿದವುಗಳ ಮಕ್ಕಳಿಗೆ ಆ ಗುಣ ಬರತ್ತೆ. ಅಷ್ಟೇ!"

ಇಷ್ಟಕ್ಕೆ ಇಷ್ಟು ಕೋಪವೇ? ಕೋಪ ಬರಬೇಕಾದದ್ದು ನನಗಲ್ಲವೇ! ಸೊಸೈಟಿಯಿಂದ ಪೆಸ್ಟ್ ಕಂಟ್ರೋಲಿನವನು ಬಂದಾಗ ಈಕೆ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಅಕ್ಕಪಕ್ಕದ ಮನೆಗಳಲ್ಲಿ ಅಳಿದುಳಿದ ಜಿರಲೆಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ನಮ್ಮಲ್ಲಿಗೇ ಬಂದವು. ಸತ್ಯನಾರಾಯಣ ಪೂಜೆಯೊಳಗೆ ನೊಣಗಳು ಹೊರಗೆ ಹೋಗಲೇಬೇಕೆಂದು ಗಡುವು ಕೊಟ್ಟೆ. "ಇನ್ನೊಂದೇ ಒಂದು ತಲೆಮಾರು ಕಣೇ," ಎಂದು ಬೇಡಿಕೊಂಡರು. ಕೊನೆಗೆ ಬಾಟಲಿಗಳಿಗೆ ನನ್ನ ಹಳೆಯ ಸೀರೆ ಹೊದಿಸಿ ಪೂಜೆ ಮುಗಿಸಿದೆವು.

ಎರಡು ದಿನ ಕಳೆದು ಅಡುಗೆಮನೆಯಿಂದ ಕೂಗು ಕೇಳಿತು. "ವಿಷದ ಬಾಟಲೀಲಿ ಒಂದೂ ಸತ್ತಿಲ್ಲ!" ಚಿಕ್ಕಮ್ಮ ಕುಣಿದರು. ನೊಣಗಳು ಗೆದ್ದವೆಂದು ನಾನೂ ಉಳಿದ ಸಜ್ಜಿಗೆ ಪ್ರಸಾದ ಹಂಚಿದೆ, ನೋಡಿ ನನ್ನ ಬುದ್ಧಿ! ಆಮೇಲೆ ಅವರು ಬಾಟಲಿಯನ್ನು ಬೆಳಕಿಗೆ ಹಿಡಿದರು. ಒಳಗೆ ಪಂಚಾಮೃತದಲ್ಲಿ ನೆನೆದ ಬಾಳೆಹಣ್ಣಿನ ಹೋಳು, ಅದರ ಮೇಲೊಂದು ತುಳಸಿ ಎಲೆ! ನೊಣಗಳು ವಿಷ ಬಿಟ್ಟು ಅದನ್ನೇ ತಿಂದಿದ್ದವು.

ಮೂಲೆಯಲ್ಲಿ ಜಪ ಮಾಡುತ್ತಿದ್ದ ನನ್ನ ಅತ್ತೆ ಕಣ್ಣು ತೆರೆದರು. "ನಾನೇ ಹಾಕ್ದೆ. ಊರಿಗೆಲ್ಲ ಪಂಚಾಮೃತ ಕೊಟ್ಟು ಮನೇಲಿರೋ ಜೀವಕ್ಕೆ ವಿಷ ಹಾಕೋದಾ? ಪಾಪ ಅನ್ನಿಸ್ತು."

ಬೀಗಿತ್ತಿಯರ ಮಹಾಯುದ್ಧ ಈಗ ಶುರುವಾಗುತ್ತದೆ, ಅದರಲ್ಲೇ ನೊಣಗಳೂ ತೊಲಗುತ್ತವೆ ಎಂದು ನನಗೆ ಒಳಗೊಳಗೇ ಖುಷಿ. "ಪ್ರಯೋಗ ಕೆಟ್ಟಿತಲ್ಲ, ಎಸೆದುಬಿಡಿ," ಎಂದು ಕೈ ಚಾಚಿದೆ.

ಚಿಕ್ಕಮ್ಮ ಬಾಟಲಿಯನ್ನು ಎದೆಗೆ ಒತ್ತಿಕೊಂಡು ಕುಳಿತುಬಿಟ್ಟರು.

"ಡೊಂಬಿವಲಿಗೆ ಬರೋ ಮೊದ್ಲು ಶಹಾಡಿನಲ್ಲಿ ಕಾರ್ಖಾನೆ ಪಕ್ಕದ ಮನೇಲಿ ನಿಮ್ಮ ಚಿಕ್ಕಪ್ಪನೂ ನಾನೂ ಒಂದೇ ಗಾಳಿ ಕುಡಿದ್ವಿ. ಅವರ ಶ್ವಾಸಕೋಶ ಹೋಯ್ತು, ನಂಗೇನೂ ಆಗ್ಲಿಲ್ಲ. ಯಾಕೆ ಅವರು, ಯಾಕೆ ನಾನಲ್ಲ ಅಂತ ಇವನ್ನ ಸಾಕ್ತಾ ಕೂತಿದೀನಿ. ಕಷ್ಟ ನಿನ್ನ ಗಟ್ಟಿ ಮಾಡ್ತು ಅಂತ ಎಲ್ರೂ ಅಂದ್ರು. ಎಲ್ಲಿ ಗಟ್ಟಿ? ನಾನು ಉಳಿದೆ, ಅಷ್ಟೇ ಕಣೇ." ಅತ್ತೆಯ ಕಡೆ ನೋಡಿದರು. "ನಿಮ್ಮ ಚಿಕ್ಕಪ್ಪನ್ನ ನೋಡಿ ಯಾರಿಗೂ ಪಾಪ ಅನ್ನಿಸ್ಲಿಲ್ಲ. ಇವುಗಳಿಗಾದ್ರೂ ಒಬ್ರು ಸಿಕ್ಕಿದ್ರಲ್ಲ. ಇರ್ಲಿ ಬಿಡು."

ಚಾಚಿದ ಕೈಯನ್ನು ಹಿಂದೆಳೆದುಕೊಂಡೆ. ಅತ್ತೆ ಜಪಮಾಲೆ ಕೆಳಗಿಟ್ಟು, ಎದ್ದು ಬಂದು ಚಿಕ್ಕಮ್ಮನ ಪಕ್ಕದಲ್ಲಿ ಕುಳಿತರು.

ಬಾಟಲಿಗಳು ಇನ್ನೂ ನನ್ನ ಕಟ್ಟೆಯ ಮೇಲೇ ಇವೆ. ತುಳಸಿಯ ಬಾಟಲಿ ಮಾತ್ರ ಬೇರೆ, ಕಿಟಕಿಯ ಹತ್ತಿರ. ಅದರ ಊಟದ ಉಸ್ತುವಾರಿ ನನ್ನ ತಲೆಗೇ ಬಿದ್ದಿದೆ. ನನ್ನ ಕೋಪವೇನೂ ಇಳಿದಿಲ್ಲ, ತಿಳಿಯಿರಿ! ಆದರೂ ಹಣ್ಣಿನ ಗಾಡಿಯ ಮುಂದೆ ನಿಂತಾಗ ಚೆನ್ನಾಗಿ ಕಳಿತ ಬಾಳೆಹಣ್ಣನ್ನೇ ಹುಡುಕುತ್ತೇನೆ.