ಕಾಣದಿರಲೆಂದು ನೋಡಿದ ಬಾಲಚುಕ್ಕಿ

ಆಕಾಶದಲ್ಲಿ ಏನಾದರೂ ಕಾಣಲಿ ಎಂದು ಕತ್ತೆತ್ತಿದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಏನೂ ಕಾಣದಿರಲಿ ಎಂದು ಮಾಳಿಗೆ ಹತ್ತಿ ನಿಂತ ಕುಟುಂಬ ನಮ್ಮದೊಂದೇ ಇರಬೇಕು. ಎಂಬತ್ತಾರರ ಪೊಂಗಲ್ ಮುಗಿದಿತ್ತು. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಬಾಲಚುಕ್ಕಿ ಸಂಜೆ ಪಡುವಣದಲ್ಲಿದೆ ಎಂದು ರೇಡಿಯೊ ದಿನವೂ ಹೇಳುತ್ತಿತ್ತು. ನಮ್ಮ ಕಡೆ ಅದು ವಾಲ್ ನಕ್ಷತ್ರ. ವಾಲು ಎಂದರೆ ತಮಿಳಿನಲ್ಲಿ ಬಾಲ. ತಲೆಹರಟೆ ಹುಡುಗರಿಗೂ ಅದೇ ಹೆಸರು, ಆದ್ದರಿಂದ ಮನೆಯಲ್ಲಿ ನನಗೂ ಅದೇ. ಕರುಮತ್ತಂಪಟ್ಟಿಯಲ್ಲಿ ಯಾರಿಗೂ ಅದು ಕಂಡಿರಲಿಲ್ಲ. ಕಾಣದಿದ್ದರೆ ಅಕ್ಕನಿಗೆ ಲಾಭವೇ ಇತ್ತು.

ಅಕ್ಕನಿಗೆ ಸೋಮನೂರಿನ ಗಂಡು ಗೊತ್ತಾಗಿತ್ತು. ಹಿಂದೆ ಬಂದವರನ್ನೆಲ್ಲ ನಾನು ನಟಿಸಿ ತೋರಿಸಿದ ಮೇಲೆ ಅವಳಿಗೆ ಅವರನ್ನು ನಗದೆ ನೆನೆಯಲು ಆಗಿರಲಿಲ್ಲ. ಈ ಹುಡುಗನನ್ನು ಮಾತ್ರ ನಟಿಸಬೇಡ ಎಂದು ಮೊದಲೇ ಹೇಳಿದ್ದಳು. ಒಪ್ಪಿದ್ದಾಳೆಂದು ಅದರಿಂದಲೇ ತಿಳಿದದ್ದು. ನಿಶ್ಚಿತಾರ್ಥದ ತಟ್ಟೆ ಬದಲಾಯಿಸುವುದೊಂದೇ ಬಾಕಿ. ಆದರೆ ವಾಲ್ ನಕ್ಷತ್ರ ಕಣ್ಣಿಗೆ ಬೀಳುವಾಗ ಶುಭಕಾರ್ಯ ಕೂಡದು, ಬೀಳದಿದ್ದರೆ ಅಡ್ಡಿಯಿಲ್ಲ ಎಂದು ಹುಡುಗನ ತಾತ ಹೇಳಿಕಳಿಸಿದರು. ತಾವೇ ಬಂದು ನಮ್ಮ ಮಾಳಿಗೆಯಿಂದ ನೋಡಿ ತೀರ್ಮಾನಿಸುತ್ತಾರಂತೆ. ಮುಂದೂಡಿದರೆ ಅವರಿಗಾಗಿ ಅವಿನಾಶಿಯಲ್ಲಿ ಇನ್ನೊಂದು ಹುಡುಗಿ ಕಾದಿರುವುದು ಎಲ್ಲರಿಗೂ ಗೊತ್ತಿತ್ತು.

ಹುಡುಗನನ್ನೂ ಕರೆದುಕೊಂಡು ಬಂದರು. ಅವರು ಕಾಫಿ ಕುಡಿಯುತ್ತಿರುವಾಗ ನಾನು ಅಡಿಗೆಮನೆಯಲ್ಲಿ ಅಕ್ಕನ ಮುಂದೆ ತಾತನಾಗಿದ್ದೆ: ಮಾತಿನ ನಡುವೆ ಕೆಮ್ಮು, ಕೆಮ್ಮಿನ ನಡುವೆ ಮೂಗುಜ್ಜುವುದು. ಅಕ್ಕ ನಗಲಿಲ್ಲ. ತಿರುಗಿದರೆ ಕೈ ತೊಳೆಯಲು ಬಂದ ತಾತ ಬಾಗಿಲಲ್ಲಿದ್ದರು. ಒಮ್ಮೆ ಕೆಮ್ಮಿದರು. ನನ್ನದೇ ಚೆನ್ನಾಗಿತ್ತು.

ಕತ್ತಲಾಗುತ್ತಲೇ ಎಲ್ಲರೂ ಮಾಳಿಗೆಗೆ ಹೋದೆವು. ಬೀದಿದೀಪ, ಮಗ್ಗದ ಕೊಟ್ಟಿಗೆಗಳ ದೀಪ ಸೇರಿ ಆಕಾಶವನ್ನು ತೊಳೆದು ಹಾಕಿದ್ದವು. ಕರೆಂಟಿನವರನ್ನು ದಿನವೂ ಬೈಯುವ ಅಪ್ಪ ಅಂದು ಮಾತ್ರ ಅವರು ಚೆನ್ನಾಗಿರಲಿ ಎಂದು ಕಂಬದ ಕಡೆ ನೋಡಿ ಬೇಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಊರಿನ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಕರೆಂಟು ಹೋಗಿತ್ತು.

ನಕ್ಷತ್ರಗಳು ಒಂದೊಂದಾಗಿ ಹೊರಬಂದವು. ಅಪ್ಪ ಕಣ್ಣು ಮುಚ್ಚಿಕೊಂಡರು. ಹುಡುಗ ಪಡುವಣವನ್ನು ಅಕ್ಕ ನಿಂತ ಕಡೆ ಹುಡುಕುತ್ತಿದ್ದ. ನನಗೆ ತೆಂಗಿನ ಮರದ ಮೇಲೆ, ಸೀಮೆಸುಣ್ಣವನ್ನು ಬೆರಳಿಂದ ಒರೆಸಿದಂತೆ ಒಂದು ಮಸುಕು ಕಂಡಿತು. ಅಲ್ಲಿದೆ ಎಂದುಬಿಟ್ಟೆ. ಅಕ್ಕ ನನ್ನ ತೋಳು ಚಿವುಟಿದಳು. ತಡವಾಗಿತ್ತು.

"ಎಲ್ಲಿ ತಂಬಿ?" ಎಂದರು ತಾತ.

"ಆ ತೆಂಗಿನ್ ಮರದ್ ಮೇಲೆ ತಾತ. ಬೆಳ್ಳಗೆ, ಉಜ್ಜಿದ ಹಂಗೆ."

ತಾತ ಹಣೆಗೆ ಕೈಯಿಟ್ಟು ಬಹಳ ಹೊತ್ತು ನೋಡಿದರು. ಅವರ ಕಣ್ಣಿಗೆ ತೆಂಗಿನ ಮರವೂ ಕಂಡಿರಲಾರದು.

"ಕೆಳಗೆ ನನ್ ಹಂಗೆ ಕೆಮ್ದೆ. ಇಲ್ಲಿ ನಕ್ಷತ್ರ ತೋರ್ಸಿ ಕಿಂಡಲ್ ಮಾಡ್ತೀಯಾ? ಇಲ್ಲಿರೋ ವಾಲು ನೀನೊಬ್ನೇಡಾ." ಅಪ್ಪನ ಕಡೆ ತಿರುಗಿದರು. "ಇವ್ನು ಇದೆ ಅಂದ್ರೆ ಇಲ್ಲ. ತಟ್ಟೆ ತನ್ನಿ."

ನಾನು ಸತ್ಯವಾಗಿಯೂ ಇದೆ ಎಂದು ಇನ್ನೊಮ್ಮೆ ಹೇಳಹೊರಟೆ. ಅಮ್ಮ ನನ್ನ ಬಾಯಿಗೆ ಬಾಳೆಹಣ್ಣು ತುರುಕಿದರು. ಲಾಂದ್ರದ ಬೆಳಕಲ್ಲಿ ತಟ್ಟೆ ಬದಲಾಯಿತು.

ಹೊರಡುವಾಗ ಹುಡುಗ, ಅಂದರೆ ಆಗಷ್ಟೇ ನನ್ನ ಬಾವನಾದವನು, ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿ ನಿಜವಾಗಿಯೂ ನೋಡಿದೆಯಾ ಎಂದು ಮೆಲ್ಲಗೆ ಕೇಳಿದ.

"ನಿಜವಾಗ್ಲೂ ನೋಡ್ದೆ ಬಾವ."

ಆತ ಗೋಡೆ ಹಿಡಿದು ನಕ್ಕ. "ಈ ದನಿ ನಲ್ಲಾ ಇದೆ, ಭಾಳ ಚೆನ್ನಾಗಿದೆ. ಇದು ಯಾರ್ದು?"

ಯಾರದೆಂದು ಹೇಳಲಿ? ನಾನು ಯಾರನ್ನೂ ನಟಿಸಿರಲಿಲ್ಲ. ಆಮೇಲೆ ಎಷ್ಟೋ ಸಲ ಆ ದನಿಯನ್ನು ಮತ್ತೆ ತರಲು ನೋಡಿದ್ದೇನೆ. ಊರಿನವರೆಲ್ಲರ ದನಿಯೂ ಬರುತ್ತದೆ, ಅದೊಂದು ಬರುವುದಿಲ್ಲ.