ನಮ್ಮ ಮಾವನವರೂ ಕಾದಂಬರಿಕಾರರು ಮರೆತವರೂ

ಕನ್ನಡದಲ್ಲಿ ಈಚೆಗೆ ಕೆಲವರು ಕಾದಂಬರಿ ಬರೆಯುವುದನ್ನೇ ಬಿಟ್ಟಿದ್ದಾರಲ್ಲ, ಅದಕ್ಕೆ ಓದುಗರಿಲ್ಲದ್ದೇ ಕಾರಣ ಅಂತ ಎಲ್ಲರೂ ಗೋಳಾಡುತ್ತಾರೆ. ಶುದ್ಧ ಸುಳ್ಳು! ಕಾರಣ ನಮ್ಮ ಮಾವನವರು. ಒಬ್ಬನೇ ಒಬ್ಬ ಓದುಗ ಬರೆಯುವವರಿಗೆ ಎಷ್ಟು ತ್ರಾಸು ಕೊಡಬಲ್ಲ ಅನ್ನುವುದನ್ನು ನೋಡಬೇಕಿದ್ದರೆ ಪುಣೆಯ ಹಡಪಸರದಲ್ಲಿರುವ ನಮ್ಮ ಮನೆಗೆ ಬನ್ನಿ. ಬರುವಾಗ ಒಂದು ಕಾದಂಬರಿ ತಂದರೆ ಸಂತೋಷ. ಆದರೆ ಅದರಲ್ಲಿ ಜನ ಕಡಿಮೆ ಇರಲಿ, ನಿಮಗೆ ಪುಣ್ಯ ಬರುತ್ತದೆ.

ಏಕೆಂದರೆ ಮೊನ್ನೆಯ ತನಕ ನಮ್ಮ ಮನೆ ಒಂದು ನಾಲ್ಕು ವರ್ಷದ ಹುಡುಗಿಯ ಚಿಂತೆಯಲ್ಲಿ ಮುಳುಗಿತ್ತು. ಹುಡುಗಿ ನಮ್ಮವಳಲ್ಲ. ನೆರೆಮನೆಯವಳೂ ಅಲ್ಲ. ಅವಳು ಒಂದು ಕಾದಂಬರಿಯ ಒಂಬತ್ತನೆಯ ಅಧ್ಯಾಯದಲ್ಲಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದಾಳೆ. ಅವಳನ್ನು ಅಲ್ಲಿ ಕೂರಿಸಿದ ಕಾದಂಬರಿಕಾರ್ತಿ ಆಮೇಲೆ ಅವಳ ಸುದ್ದಿಯನ್ನೇ ಎತ್ತಿಲ್ಲ. ಮೂರು ತಿಂಗಳು ನಮ್ಮ ಮಾವನವರಿಗೆ ಊಟ ರುಚಿಸಲಿಲ್ಲ.

ಇದು ಅರ್ಥವಾಗಬೇಕಾದರೆ ಮಾವನವರ ಓದಿನ ಪದ್ಧತಿ ಗೊತ್ತಿರಬೇಕು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಧಾರವಾಡದ ಕಡೆಯಿಂದ ಬಂದು ದೌಂಡದ ರೈಲ್ವೆ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿ, ಜೀವಮಾನವೆಲ್ಲ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ತೋರಿಸಿದವರು. ನಿವೃತ್ತರಾಗುವ ತನಕ ಟೈಮ್ ಟೇಬಲ್ ಬಿಟ್ಟು ಬೇರೆ ಯಾವ ಸಾಹಿತ್ಯವನ್ನೂ ಮುಟ್ಟಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಬೇಸರ ಕಳೆಯಲಿ ಎಂದು ಅವರನ್ನು ಕನ್ನಡ ಸಂಘದ ವಾಚನಾಲಯಕ್ಕೆ ಕರೆದುಕೊಂಡು ಹೋದವಳು ನಾನೇ. ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಂಡೆ! "ಯಾವ ಥರದ ಪುಸ್ತಕ ಬೇಕ್ರಿ ಮಾಮಾರ? ಪತ್ತೇದಾರಿ? ಐತಿಹಾಸಿಕ?" ಅಂದೆ.

"ಯಾವುದರ ಕೊಡವಾ. ಮೇಲ್ ಇರಲಿ, ಪ್ಯಾಸೆಂಜರ್ ಇರಲಿ, ಗೂಡ್ಸ್ ಇರಲಿ, ಗಾರ್ಡಗ ಎಲ್ಲಾ ಒಂದ."

ಅಂದಿನಿಂದ ಶುರು. ಪುಸ್ತಕ ತೆರೆಯುವ ಮೊದಲು ಒಂದು ಹಾಳೆ ಎದುರಿಗೆ. ಕಥೆಯೊಳಗೆ ಯಾರು ಕಾಲಿಟ್ಟರೂ ಹಾಳೆಯ ಮೇಲೆ ಹೆಸರು. ಹೆಸರಿಲ್ಲದವರಾದರೆ "ಹಾಲಿನಾಕಿ", "ಕುಂಟ ಮಾಸ್ತರ", "ಕೆಮ್ಮುವ ಮುದುಕ". ಆ ಮನುಷ್ಯನಿಗೆ ಮದುವೆಯೋ ಸಾವೋ ವರ್ಗಾವಣೆಯೋ ಏನಾದರೂ ಒಂದು ಗತಿ ಕಂಡ ಮೇಲೆ ಹೆಸರಿನ ಮುಂದೆ ಒಂದು ಗೀಟು. ಕೊನೆಯ ಪುಟ ಮುಗಿದಾಗ ಗೀಟಿಲ್ಲದೆ ಉಳಿದವರೇ ಅವರ ತಲೆನೋವು. ಎಲ್ಲರಿಗೂ ಗೀಟು ಬೀಳುವ ತನಕ "ಓದಿ ಆತು" ಅನ್ನುತ್ತಾರೆಯೇ ಹೊರತು "ಮುಗೀತು" ಅನ್ನುವುದಿಲ್ಲ.

ಒಂದು ಸಲ ಪತ್ತೇದಾರಿ ಕಾದಂಬರಿ ತಂದರು. ನಾನು ಮೊದಲೇ ಓದಿ ಬೆರಗಾಗಿದ್ದ ಪುಸ್ತಕ. ಕೊಲೆ ಮಾಡಿದವನು ಯಾರೆಂದು ಕೊನೆಯ ಸಾಲಿನ ತನಕ ಗೊತ್ತಾಗುವುದಿಲ್ಲ! ಅವರು ಪುಸ್ತಕ ಮುಚ್ಚಿ ಕನ್ನಡಕ ತೆಗೆದಾಗ ನಾನು ಕುತೂಹಲ ತಡೆಯಲಾರದೆ "ಹೆಂಗಿತ್ರಿ?" ಅಂದೆ.

"ಖೂನಿ ಮಾಡಿದಾಂವ ಸಿಕ್ಕ, ಭಾಳ ಛಲೋ ಆತು. ನಾಯಿ ಎಲ್ಲೆ ಹೋತು?"

"ಯಾವ ನಾಯಿರಿ?"

"ಸತ್ತಾಂವ ಸಾಕಿದ್ದನಲ್ಲಾ, ಅದು. ಎರಡನೇ ಪುಟದಾಗ ಹಿತ್ತಲದಾಗ ಕಟ್ಟಿ ಹಾಕ್ಯಾನ. ಪೊಲೀಸರು ಬಂದರು, ಪತ್ತೇದಾರ ಬಂದ, ಎಲ್ಲಾರೂ ಚಹಾ ಕುಡದರು. ಹನ್ನೊಂದ ದಿವಸ ಆ ನಾಯಿಗೆ ಯಾರರ ಒಂದ ತುತ್ತು ಹಾಕ್ಯಾರೇನು?"

ನಾನು ಪುಸ್ತಕ ತೆರೆದು ನೋಡಿದೆ. ನಿಜ! ಯಾರೂ ಹಾಕಿಲ್ಲ. ನಾನು ಕನ್ನಡ ಎಂ.ಎ. ಮಾಡಿದವಳು, ಸಂಘದ ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯುವವಳು. ಆ ಕಾದಂಬರಿಯ "ಬಿಗಿಯಾದ ಬಂಧ"ದ ಬಗ್ಗೆ ಒಂದೂವರೆ ಪುಟ ಹೊಗಳಿದ್ದೆ. ನಾಯಿ ಕಂಡಿರಲಿಲ್ಲ. ಆವತ್ತು ಮಾವನವರು ತಟ್ಟೆಯಲ್ಲಿ ಅರ್ಧ ಜೋಳದ ಭಕ್ರಿ ಬಿಟ್ಟೆದ್ದು, ಕೆಳಗಿಳಿದು ಸೊಸೈಟಿಯ ಗೇಟಿನ ನಾಯಿಗೆ ಹಾಕಿ ಬಂದರು. "ಪುಸ್ತಕದಾನ ನಾಯಿ ಸಂಬಂಧ ನನ್ನ ಭಕ್ರಿ ದಂಡ!" ಎಂದು ಅತ್ತೆ ಗೊಣಗಿದರು. ಈಗ ಆ ನಾಯಿ ದಿನವೂ ನಮ್ಮ ಮೆಟ್ಟಿಲ ಬುಡದಲ್ಲಿ ಕಾಯುತ್ತದೆ. ಪತ್ತೇದಾರಿ ಸಾಹಿತ್ಯದಿಂದ ಅದಕ್ಕೆ ಆದಷ್ಟು ಲಾಭ ಇನ್ಯಾರಿಗೂ ಆಗಿಲ್ಲ.

ಪ್ರೇಮ ಕಾದಂಬರಿಯದಂತೂ ಇನ್ನೊಂದು ಫಜೀತಿ. ನಾಯಕ ಗೆಳೆಯನ ಮದುವೆಯಲ್ಲಿ ಅಕ್ಷತೆಗೆ ನಿಂತಿದ್ದಾನೆ. ನಾಯಕಿ ವಿಮಾನ ಹತ್ತುವ ಸುದ್ದಿ ಬರುತ್ತದೆ. ಮದುಮಗನ ಮೋಟಾರ್ ಸೈಕಲ್ಲನ್ನೇ ಎತ್ತಿಕೊಂಡು ಏರ್‌ಪೋರ್ಟಿಗೆ ಹಾರುತ್ತಾನೆ, ಬಾಗಿಲಲ್ಲಿ ಗಾಡಿ ಬಿಸಾಕಿ ಓಡುತ್ತಾನೆ, ಇಬ್ಬರೂ ಅಪ್ಪಿಕೊಳ್ಳುತ್ತಾರೆ, ಮುಗಿಯಿತು. ಓದಿದವರೆಲ್ಲ ಕಣ್ಣೊರೆಸಿಕೊಂಡರು. ಮಾವನವರು ಮಾತ್ರ ನಾನು ಆಫೀಸಿಗೆ ಹೊರಡುವುದನ್ನೇ ಕಾಯುತ್ತಿದ್ದರು. ನನ್ನ ಆಫೀಸು ವಿಮಾನ ನಗರದಲ್ಲಿ.

"ಏರ್‌ಪೋರ್ಟ್ ನಿಮ್ಮ ಬಾಜೂಕ ಅದ ಅಲ್ಲಾ? ಬಾಗಲದಾಗ ಗಾಡಿ ಬಿಟ್ಟರ ಎಷ್ಟ ಹೊತ್ತಿಗೆ ಎತ್ತಿಕೊಂಡ ಹೋಗತಾರ, ಒಂದೀಟು ಕೇಳಿಕೊಂಡ ಬಾರವಾ. ಪಾಪ, ಮದಿಮಗ ಹೆಂಡತೀನ ಕರಕೊಂಡ ಮನೀಗೆ ಹೆಂಗ ಹೋಗಬೇಕು?"

ನನಗೂ ಅದೇನು ಮಂಕು ಬಡಿದಿತ್ತೋ, ನಿಜಕ್ಕೂ ಹೋಗಿ ಸಿಗ್ನಲ್ಲಿನಲ್ಲಿದ್ದ ಟ್ರಾಫಿಕ್ ಪೊಲೀಸನನ್ನು ಮರಾಠಿಯಲ್ಲಿ ಕೇಳಿದೆ. ಆತ ಬಲು ಒಳ್ಳೆಯವನು. ಡೈರಿ ತೆಗೆದು, "ಗಾಡೀಚಾ ನಂಬರ್ ಸಾಂಗಾ ತಾಯಿ," ಗಾಡಿಯ ನಂಬರು ಹೇಳಿ ಅಕ್ಕಾ ಅಂದ. ಏನಂತ ಹೇಳಲಿ? ಗಾಡಿ ನೂರಾ ಎಂಬತ್ತನೆಯ ಪುಟದಲ್ಲಿದೆ ಅನ್ನಲೇ? "ವಿಚಾರೂನ್ ಸಾಂಗತೆ," ಕೇಳಿ ಹೇಳುತ್ತೇನೆ ಅಂದವಳು ಒಂದು ವಾರ ಆ ಸಿಗ್ನಲ್ಲಿನ ಕಡೆ ಮುಖ ಹಾಕಲಿಲ್ಲ.

ಐತಿಹಾಸಿಕ ಕಾದಂಬರಿ ಅವರಿಗೆ ಸೇರುವುದೇ ಇಲ್ಲ. "ನಲವತ್ತ ಸಾವಿರ ದಂಡು ಹೊಳಿ ದಾಟಿ ಹೋತು. ತಿರುಗಿ ಬರೂಮುಂದ ರಾಜಾ ಒಬ್ಬನ ಕುದರಿ ಮ್ಯಾಲ ಬರತಾನ! ಉಳದವರ ಲೆಕ್ಕ ಯಾರು ಕೊಡಬೇಕು?" ಎಂದು ಸಿಟ್ಟಾದರು. ಬಾಹ್ಯಾಕಾಶದ ಕಾದಂಬರಿ ಮಾತ್ರ ಹಿಡಿಸಿತು. ಹನ್ನೊಂದು ಜನ ಯಾವುದೋ ಗ್ರಹಕ್ಕೆ ಹೋಗುತ್ತಾರೆ. ಪ್ರತಿ ಅಧ್ಯಾಯದಲ್ಲೂ ಕಪ್ತಾನ ಹನ್ನೊಂದೂ ತಲೆ ಎಣಿಸುತ್ತಾನೆ. ಮಾವನವರು ಪುಸ್ತಕವನ್ನು ಎದೆಗೊತ್ತಿಕೊಂಡು, "ಬರದಾಂವ ಹಿಂದಕ ರೈಲ್ವೇದಾಗ ಇದ್ದಿರಬೇಕ ನೋಡು" ಅಂದರು. ಅವರ ಬಾಯಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ಹೊರಡಲಾರದು.

ಗೀಟು ಬೀಳದವರಿಗಾಗಿ ಮಾವನವರು ಸುಮ್ಮನೆ ಕೊರಗುತ್ತಾ ಕೂಡುವವರಲ್ಲ. ಪ್ರಕಾಶಕರ ವಿಳಾಸಕ್ಕೆ ಪೋಸ್ಟ್‌ಕಾರ್ಡ್ ಹಾಕುತ್ತಾರೆ. "ಮಾನ್ಯರೇ, ತಮ್ಮ ಕಾದಂಬರಿಯ ಹಾಲಿನಾಕಿ ಏಳನೇ ಅಧ್ಯಾಯದಲ್ಲಿ ಬಿದ್ದು ಕಾಲು ಮುರಿದುಕೊಂಡಳು. ಕಾಲು ನೆಟ್ಟಗಾಯಿತೋ ಹೇಗೆ, ತಿಳಿಸುವ ಕೃಪೆಯಾಗಲಿ." ಯಾರೂ ತಿಳಿಸಲಿಲ್ಲ. ಒಬ್ಬ ಪ್ರಕಾಶಕರು ಮಾತ್ರ ತಮ್ಮ ಪುಸ್ತಕಗಳ ಪಟ್ಟಿಯನ್ನೇ ಕಳಿಸಿ, ಹತ್ತು ಪುಸ್ತಕ ಕೊಂಡರೆ ರಿಯಾಯಿತಿ ಎಂದು ಬರೆದಿದ್ದರು. ಮಾವನವರು ಅದನ್ನೂ ಪೂರ್ತಿ ಓದಿ, "ಇದರಾಗೂ ಹಾಲಿನಾಕಿ ಸುದ್ದಿ ಇಲ್ಲ" ಅಂದರು.

ನಗು ಬರುತ್ತದೆ, ನಿಜ. ಆದರೆ ಹೇಳಿಬಿಡುತ್ತೇನೆ, ಇಷ್ಟು ವರ್ಷ ನಾನು ಕಾದಂಬರಿಗಳಲ್ಲಿ ಭಾಷೆ ನೋಡಿದೆ, ತಂತ್ರ ನೋಡಿದೆ, ಅದು ಇದು ಎಲ್ಲ ನೋಡಿದೆ. ಮನುಷ್ಯರನ್ನು ನೋಡುವುದನ್ನು ಕಲಿಸಿದವರು ಈ ಮುದುಕರೇ. ಅವರ ಮುಂದೆ ನನ್ನ ವಿಮರ್ಶೆ ಓದಲು ನನಗೀಗ ನಾಚಿಕೆಯಾಗುತ್ತದೆ.

ಈಗ ಆ ಹುಡುಗಿಯ ವಿಷಯಕ್ಕೆ ಬರೋಣ. ದಪ್ಪನೆಯ ಸಾಂಸಾರಿಕ ಕಾದಂಬರಿ ಅದು. ಒಂಬತ್ತನೆಯ ಅಧ್ಯಾಯದಲ್ಲಿ ನಾಯಕಿ ಗಂಡನ ಮನೆ ಬಿಟ್ಟು ಬಸ್ ಹತ್ತುತ್ತಾಳೆ. ಅದೇ ಸ್ಟ್ಯಾಂಡಿನಲ್ಲಿ ಯಾರೋ ಒಬ್ಬ ತಾಯಿ ತನ್ನ ಮಗಳನ್ನು ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಕೂತಿರು, ನೀರು ತರ್ತೀನಿ" ಎಂದು ಹೋಗುತ್ತಾಳೆ. ಬಸ್ಸು ಹೊರಡುತ್ತದೆ. ಕಥೆಯೂ ಬಸ್ಸಿನ ಜೊತೆಗೇ ಹೊರಟುಬಿಡುತ್ತದೆ. ನಾಯಕಿ ವಕೀಲೆಯಾಗುತ್ತಾಳೆ, ಕೇಸು ಗೆಲ್ಲುತ್ತಾಳೆ. ಹುಡುಗಿ ಬೆಂಚಿನ ಮೇಲೇ ಉಳಿದಳು.

ಈ ಸಲ ಮಾವನವರು ಸಿಟ್ಟಾಗಲಿಲ್ಲ, ಚೇಷ್ಟೆ ಮಾಡಲಿಲ್ಲ. ಒಂದರ ಹಿಂದೊಂದು ಮೂರು ಕಾರ್ಡ್ ಹಾಕಿದರು. ವಾಚನಾಲಯಕ್ಕೆ ಪುಸ್ತಕ ಹಿಂತಿರುಗಿಸಲು ಒಪ್ಪಲಿಲ್ಲ. "ಆ ಕೂಸಿನ ಅಲ್ಲೆ ಬಿಟ್ಟ ಹೆಂಗ ಕೊಡಲಿ?" ಅನ್ನುತ್ತಿದ್ದರು. ಅಂಚೆಯವನು ಗೇಟಿಗೆ ಬಂದರೆ ಸಾಕು, ಬಾಲ್ಕನಿಯಿಂದ ಇಣುಕುವರು. ಮೈ ಇಳಿಯತೊಡಗಿತು. ನಾನು ಸಮಾಧಾನ ಮಾಡಲು ಹೋಗಿ, "ಬಿಡ್ರಿ ಮಾಮಾರ, ಅವ್ವ ನೀರು ತಗೊಂಡು ಬಂದಿರಬೇಕು" ಅಂದೆ.

"ಇರಬೇಕು ಅನಬ್ಯಾಡ!" ಎಂದು ಗದರಿದರು. ಮದುವೆಯಾಗಿ ಬಂದಂದಿನಿಂದ ನನ್ನ ಮೇಲೆ ದನಿಯೇರಿಸಿದವರಲ್ಲ. ನಾನು ಪೆಚ್ಚಾಗಿ ನಿಂತೆ. ಅವರಿಗೇ ಕೆಡುಕೆನಿಸಿತೇನೋ, ಎದುರಿಗೆ ಕೂರಿಸಿಕೊಂಡು ಹೇಳಿದರು. ಹರೆಯದಲ್ಲಿ ಒಂದು ಮಧ್ಯಾಹ್ನ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಹಸಿರು ಬಾವುಟ ತೋರಿಸಿದ್ದರಂತೆ. ಗಾಡಿ ಹೊರಟಿತು. ನಲ್ಲಿಯ ಕಡೆಯಿಂದ ಒಬ್ಬ ಹೆಂಗಸು ತಂಬಿಗೆ ಹಿಡಿದು ಓಡಿ ಬಂದಳು.

"ಯಾರನ್ನೋ ಕಳಸಾಕ ಬಂದಾಕಿ ಅನಕೊಂಡೆ ಯವ್ವಾ. ಗಾಡಿ ಆಗಲೇ ತಾಸ ಲೇಟ್ ಇತ್ತು, ನನಗ ಗಡಿಬಿಡಿ. ಕೆಂಪ ಝಂಡಾ ಕೈಯಾಗ ಇತ್ತು. ಎತ್ತಲಿಲ್ಲ."

ಮುಂದಿನ ಸ್ಟೇಷನ್ನಿನಲ್ಲಿ ನೋಡಿದರೆ ಡಬ್ಬಿಯಲ್ಲಿ ಒಂಟಿಯಾಗಿ ಒಂದು ಹೆಣ್ಣುಮಗು. ಅಲ್ಲಿಯ ಸ್ಟೇಷನ್ ಮಾಸ್ತರರ ಕೈಗೆ ಒಪ್ಪಿಸಿ, ಹಿಂದಕ್ಕೆ ಸುದ್ದಿ ಮುಟ್ಟಿಸಿ, ಗಾಡಿಯೊಂದಿಗೆ ಹೋಗಲೇಬೇಕಾಯಿತು. ಆಮೇಲೆ ರಜೆ ಹಾಕಿ ಎರಡು ಸಲ ಹೋಗಿ ಕೇಳಿದರಂತೆ. ಆ ಪಾಳಿಯವರು ಬದಲಾಗಿದ್ದರು. ಇದ್ದವರೆಲ್ಲ ಹೇಳಿದ್ದು ಒಂದೇ ಮಾತು: ತಾಯಿ ಬಂದು ಕರೆದೊಯ್ದಿರಬೇಕು. ಅಂದಿನಿಂದ ಇಂದಿನ ತನಕ ಅವರಿಗೆ ಅದಕ್ಕಿಂತ ಹೆಚ್ಚು ಗೊತ್ತಿಲ್ಲ.

ಮರುದಿನವೇ ಪ್ರಕಾಶಕರಿಗೆ ಫೋನ್ ಮಾಡಿ, ಗೋಗರೆದು, ಕಾದಂಬರಿಕಾರ್ತಿಗೆ ನನ್ನ ನಂಬರು ಮುಟ್ಟಿಸಿದೆ. ರೈಲಿನ ಕಥೆ ಯಾರಿಗೂ ಹೇಳಲಿಲ್ಲ, ಅದು ನಾನು ಹೇಳುವಂಥದಲ್ಲ. ಆಮೇಲೆ ಭಯ ಶುರುವಾಯಿತು. "ಅದು ಬರೀ ಕಥೆ, ಸುಮ್ಮನಿರಿ" ಅಂದರೆ? ಮಗು ಕಳೆದೇಹೋಯಿತು ಅಂದರೆ? ಮುದುಕರು ತಡೆದುಕೊಳ್ಳುತ್ತಾರೆಯೇ?

ಭಾನುವಾರ ಬೆಳಿಗ್ಗೆ ಕಾದಂಬರಿಕಾರ್ತಿಯ ಫೋನ್ ಬಂತು. ಮಾವನವರಿಗೆ ಕಿವಿ ಮಂದ, ಅದಕ್ಕೆ ಸ್ಪೀಕರಿಗೆ ಹಾಕಿದೆ. ಅವರು ಎದ್ದು ನಿಂತು, ಅಂಗಿಯ ಗುಂಡಿ ಹಾಕಿಕೊಂಡು ಮಾತಾಡಿದರು.

"ನಮಸ್ಕಾರ್ರಿ ಬಾಯಾರ. ಆ ಕೂಸಿಂದು ಏನಾತ್ರಿ?"

ಆ ಕಡೆಯಿಂದ ಬೆಂಗಳೂರಿನ ಮಾತಿನ ಮೆಲುದನಿ. "ಸಾರ್, ನಿಮ್ಮ ಮೂರು ಕಾರ್ಡೂ ನನ್ನ ಮೇಜಿನ ಮೇಲಿವೆ. ಉತ್ತರ ಬರೆಯೋಕೆ ಮುಖ ಇರಲಿಲ್ಲ. ನಿಜ ಹೇಳ್ತೀನಿ, ನಾನು ಆ ಮಗೂನ ಮರ್ತೇಬಿಟ್ಟಿದ್ದೆ. ನಾಯಕಿ ಹಿಂದೆ ಓಡೋ ಅವಸರದಲ್ಲಿ ಅವಳು ಅಲ್ಲಿ ಕೂತಿರೋದೇ ನೆನಪಾಗಲಿಲ್ಲ. ನಿಮ್ಮ ಕಾರ್ಡ್ ಬಂದಾಗಿಂದ ನನಗೂ ನಿದ್ದೆ ಇಲ್ಲ. ದೊಡ್ಡ ತಪ್ಪು ಮಾಡ್ದೆ." ಅವರು ಅಳುತ್ತಿದ್ದರು.

ನಾನು ಮಾವನವರ ಮುಖ ನೋಡಿದೆ. ಇಷ್ಟು ವರ್ಷ ಕಾದಂಬರಿಕಾರರನ್ನು ಹಿಡಿದು ಜಾಡಿಸಬೇಕೆಂದು ಕಾದಿದ್ದವರು! ಅವರು ಫೋನಿನ ಹತ್ತಿರಕ್ಕೆ ಬಾಗಿದರು.

"ಛೇ ಛೇ, ಅಳಬ್ಯಾಡ್ರಿ ಬಾಯಾರ. ಆಗತದರಿ. ಗಡಿಬಿಡ್ಯಾಗ ಆಗತದ. ಬೇಕಂತ ಮಾಡಿದ್ದಲ್ಲಲ್ಲಾ ನೀವು? ಅಷ್ಟ ಮಂದೀನ ಒಬ್ಬರ ನೋಡಿಕೋಬೇಕಂದರ ಹಗರ ಕೆಲಸೇನು? ಮನಸ್ಸಿಗೆ ಹಚಗೊಂಡ ಕೂಡಬ್ಯಾಡ್ರಿ, ನಿದ್ದಿ ಮಾಡ್ರಿ."

ಮುಂದಿನ ಮುದ್ರಣದಲ್ಲಿ ಆ ತಾಯಿಯನ್ನು ಖಂಡಿತ ಕರೆತರುತ್ತೇನೆ ಎಂದು ಮಾತು ಕೊಟ್ಟು ಕಾದಂಬರಿಕಾರ್ತಿ ಫೋನ್ ಇಟ್ಟರು. ಮಾವನವರು ನಿಂತೇ ಇದ್ದರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಹಿಟ್ಟಿನ ಕೈಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಂದು ಗೊಣಗಾಟವಿಲ್ಲ. ನೆಟ್ಟಗೆ ಬಂದು, ನಾನು ಎದುರಿಗಿದ್ದೇನೆ ಅನ್ನುವುದನ್ನೂ ನೋಡದೆ, ಆ ಹಿಟ್ಟಿನ ಕೈಯಲ್ಲೇ ಗಂಡನ ಕೈ ಹಿಡಿದುಕೊಂಡರು.

"ಈಗ ಆಕೀಗೆ ಹೇಳಿದಿರಲ್ಲಾ," ಅಂದರು ಅತ್ತೆ, "ಅದನ್ನ ಒಂದ ಸಲ ನಿಮಗೂ ಹೇಳಿಕೊಳ್ರಿ."

ಮಾವನವರು ಅಲ್ಲೇ ಕುರ್ಚಿಯ ಮೇಲೆ ಕುಸಿದು ಕೂತು ಸಣ್ಣ ಮಗುವಿನಂತೆ ಅತ್ತರು. ನಾನೂ ಅತ್ತುಬಿಟ್ಟೆ. ಅತ್ತೆ ಮಾತ್ರ ಅಳಲಿಲ್ಲ. ಗಂಡನ ಅಳು ನಿಲ್ಲುವ ತನಕ ಆ ಕೈ ಬಿಡದೆ ನಿಂತಿದ್ದರು.